ಗದ್ದಲದ ನಡುವೆಯೇ ಪ್ರತ್ಯಾಹಾರ: ಬೆಂಗಳೂರಿನ ದಿನಚರಿಗೊಂದು ಮಾರ್ಗದರ್ಶಿ

ಬೆಂಗಳೂರಿನಲ್ಲಿ ಯೋಗ ಕಲಿಯುವವರಿಗೆ ಕೊರತೆಯಿಲ್ಲ. ಜಯನಗರ, ಮಲ್ಲೇಶ್ವರ, ವಿಜಯನಗರ, ಎಲ್ಲಿ ನೋಡಿದರೂ ಬೆಳಗಿನ ಹೊತ್ತು ಮ್ಯಾಟ್ ಸುತ್ತಿಕೊಂಡು ಹೊರಟವರು ಕಾಣುತ್ತಾರೆ. ಸೂರ್ಯನಮಸ್ಕಾರ ಸಲೀಸಾಗಿ ಬರುತ್ತದೆ, ನಾಡಿಶೋಧನವೂ ಬರುತ್ತದೆ. ಕೊನೆಯಲ್ಲಿ ಗುರುಗಳು "ಕಣ್ಣು ಮುಚ್ಚಿ, ಧ್ಯಾನಕ್ಕೆ ಕೂತ್ಕೊಳ್ಳಿ" ಎಂದ ಕೂಡಲೇ ಮನಸ್ಸು ಪಕ್ಕದ ಬೀದಿಯ ಹಾರ್ನ್ ಹಿಂದೆ, ಆಫೀಸಿನ ಮೇಲ್ ಹಿಂದೆ, ತಿಂಡಿಗೇನು ಅನ್ನುವ ಯೋಚನೆಯ ಹಿಂದೆ ಓಡುತ್ತದೆ. "ನಂಗೆ ಧ್ಯಾನ ಆಗಿಬರಲ್ಲ" ಎಂದು ಎಷ್ಟೋ ಮಂದಿ ಅಲ್ಲಿಗೇ ಕೈಬಿಡುತ್ತಾರೆ. ನನ್ನ ಪ್ರಕಾರ ಅವರಿಗೆ ಯಾರೂ ಒಂದು ಮೆಟ್ಟಿಲು ಹತ್ತಿಸಿಲ್ಲ, ಅಷ್ಟೇ.

ಪತಂಜಲಿ ಯೋಗಸೂತ್ರದಲ್ಲಿ ಹೇಳಿದ ಅಷ್ಟಾಂಗದಲ್ಲಿ, ಅಂದರೆ ಎಂಟು ಅಂಗಗಳಲ್ಲಿ, ಯಮ, ನಿಯಮ, ಆಸನ, ಪ್ರಾಣಾಯಾಮ ಆದಮೇಲೆ ಐದನೆಯದು ಪ್ರತ್ಯಾಹಾರ, ಇಂದ್ರಿಯಗಳನ್ನು ಹೊರಗಿನಿಂದ ಒಳಕ್ಕೆ ತಿರುಗಿಸುವುದು. ಧಾರಣೆ (ಮನಸ್ಸನ್ನು ಒಂದೇ ಕಡೆ ನಿಲ್ಲಿಸುವುದು), ಧ್ಯಾನ, ಸಮಾಧಿ ಅದರ ನಂತರ. ಯೋಗಸೂತ್ರದ ಎರಡನೆಯ ಪಾದ (ಅಧ್ಯಾಯ) ಮುಗಿಯುವುದೇ ಪ್ರತ್ಯಾಹಾರದ ಎರಡು ಸೂತ್ರಗಳಿಂದ, 54 ಮತ್ತು 55. ಮೂರನೆಯ ಪಾದ ಧಾರಣೆಯಿಂದ ಶುರುವಾಗುತ್ತದೆ. ಹೊರಗಿನ ಸಾಧನೆ ಮುಗಿದು ಒಳಗಿನದು ಆರಂಭವಾಗುವ ಹೊಸ್ತಿಲಿನಲ್ಲೇ ಇದನ್ನು ಇಟ್ಟಿದ್ದಾರೆ. ನಮ್ಮ ತರಗತಿಗಳಲ್ಲಿ ಮಾತ್ರ ಪ್ರಾಣಾಯಾಮದಿಂದ ನೇರವಾಗಿ ಧ್ಯಾನಕ್ಕೆ ಜಿಗಿಯುತ್ತೇವೆ.

54ನೆಯ ಸೂತ್ರ ಹೇಳುವುದಿಷ್ಟು: ಇಂದ್ರಿಯಗಳು ತಮ್ಮ ತಮ್ಮ ವಿಷಯಗಳ ಜೊತೆ ಬೆರೆಯುವುದನ್ನು ಬಿಟ್ಟು, ಚಿತ್ತ ಹೇಗಿದೆಯೋ ಹಾಗೇ ಇರುವುದು ಪ್ರತ್ಯಾಹಾರ. ಇದನ್ನು ವಿವರಿಸುವಾಗ ಹೆಚ್ಚಿನವರು ಗೀತೆಯ ಆಮೆಯನ್ನು ನೆನೆಯುತ್ತಾರೆ. ಅಂಗಾಂಗಗಳನ್ನು ಒಳಗೆಳೆದುಕೊಳ್ಳುವ ಆಮೆ. ಸೂತ್ರಗಳಿಗೆ ಬರೆದ ವ್ಯಾಸಭಾಷ್ಯದಲ್ಲಿ ಬೇರೊಂದು ಚಿತ್ರವಿದೆ, ಅಭ್ಯಾಸಕ್ಕೆ ಅದೇ ಹೆಚ್ಚು ಒದಗುತ್ತದೆ. ಜೇನುಗೂಡಿನ ಒಡೆಯ ಹಾರಿದರೆ ನೊಣಗಳೆಲ್ಲ ಹಿಂದೆ ಹಾರುತ್ತವೆ, ಕೂತರೆ ಎಲ್ಲವೂ ಕೂರುತ್ತವೆ. ಒಂದೊಂದೇ ನೊಣವನ್ನು ಹಿಡಿದು ಕೂರಿಸಲು ಹೋದರೆ ಆಯುಷ್ಯ ಮುಗಿದೀತು. ಕಿವಿ ಮುಚ್ಚುವುದು, ಕಣ್ಣು ಬಿಗಿಯುವುದು, ನಾಲಿಗೆಗೆ ಬೀಗ ಹಾಕುವುದು ಇವೆಲ್ಲ ನೊಣ ಹಿಡಿಯುವ ಕೆಲಸ. ಮನಸ್ಸು ಕೂತರೆ ಕಿವಿ ತೆರೆದಿದ್ದರೂ ತೊಂದರೆಯಿಲ್ಲ.

ಹಾಗಾಗಿ ಪ್ರತ್ಯಾಹಾರಕ್ಕೆ ಮೌನದ ಜಾಗ ಹುಡುಕಿಕೊಂಡು ಹೋಗಬೇಕಿಲ್ಲ. ಶಬ್ದ ಇರುವಲ್ಲೇ ಅದನ್ನು ಕಲಿಯಬಹುದು, ಮತ್ತು ಇಲ್ಲಿ ಕಲಿತದ್ದು ಗಟ್ಟಿಯಾಗಿ ಉಳಿಯುತ್ತದೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಹೊರಗಿನ ಸದ್ದನ್ನು ಅಡಗಿಸುವುದು ಈ ಅಭ್ಯಾಸದಲ್ಲಿ ಸೇರುವುದಿಲ್ಲ. ಅಲ್ಲಿ ಕಿವಿಗೆ ಒಂದು ಆಹಾರ ತಪ್ಪಿಸಿ ಇನ್ನೊಂದನ್ನು ತಿನ್ನಿಸುತ್ತೀರಿ.

ಮೊದಲ ವಾರ: ಬರೀ ಗಮನಿಸಿ

ಏನನ್ನೂ ಬದಲಿಸಬೇಡಿ. ನಿಮ್ಮನ್ನು ಹೆಚ್ಚಾಗಿ ಎಳೆದುಕೊಂಡು ಹೋಗುವ ಇಂದ್ರಿಯ ಯಾವುದು ಎಂದು ನೋಡಿಕೊಳ್ಳಿ. ಕೆಲವರಿಗೆ ಕಿವಿ: ಮೇಲಿನ ಮನೆಯವರು ಕುರ್ಚಿ ಎಳೆದರೂ ಮೈ ಉರಿಯುತ್ತದೆ. ಕೆಲವರಿಗೆ ನಾಲಿಗೆ. ಈಗೀಗ ಬಹುಪಾಲು ಮಂದಿಗೆ ಕಣ್ಣು, ಅಂದರೆ ಫೋನು. ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಂಡು, ಬೇಕಿಲ್ಲದೆ ಕೈ ಫೋನಿಗೆ ಹೋದಾಗ, ಬೇಕಿಲ್ಲದೆ ಬಾಯಿಗೆ ಏನಾದರೂ ಹೋದಾಗ, ಸದ್ದಿಗೆ ಸಿಡುಕಿದಾಗ ಒಂದು ಗೆರೆ ಎಳೆಯಿರಿ. ಸಂಜೆ ಎಣಿಸಿ ಬೇಸರಪಟ್ಟುಕೊಳ್ಳಬೇಡಿ. ಗೆರೆ ಎಳೆಯುವ ಆ ಕ್ಷಣ ನೀವು ಎಚ್ಚರಾಗಿದ್ದಿರಿ, ಈ ವಾರಕ್ಕೆ ಅಷ್ಟು ಸಾಕು.

ಎರಡನೆಯ ವಾರ: ಬೆಳಗಿನ ಕಿವಿ

ಕಿವಿಯಿಂದ ಶುರು ಮಾಡುವುದಕ್ಕೆ ಕಾರಣವಿದೆ. ಕಣ್ಣಿಗೆ ರೆಪ್ಪೆ ಇದೆ, ಕಿವಿಗಿಲ್ಲ. ಹೊರಗಿನದನ್ನು ತಡೆಯದೆ ಒಳಗೆ ಉಳಿಯುವುದನ್ನು ಕಲಿಸಲು ಅದಕ್ಕಿಂತ ಒಳ್ಳೆಯ ಇಂದ್ರಿಯವಿಲ್ಲ.

ಬೆಳಿಗ್ಗೆ ಎದ್ದು ಮುಖ ತೊಳೆದು, ಫೋನ್ ಮುಟ್ಟುವ ಮೊದಲು, ಕಿಟಕಿ ತೆರೆದೇ ಇಟ್ಟು ಕೂತುಕೊಳ್ಳಿ. ನೆಲದ ಮೇಲಾಗಲಿ ಕುರ್ಚಿಯ ಮೇಲಾಗಲಿ, ಬೆನ್ನು ನೆಟ್ಟಗಿದ್ದರೆ ಸಾಕು. ಹತ್ತು ನಿಮಿಷ. ಕಣ್ಣು ಮುಚ್ಚಿ ಕಿವಿಯನ್ನು ಆದಷ್ಟು ದೂರಕ್ಕೆ ಕಳಿಸಿ. ರಿಂಗ್ ರೋಡಿನ ಮೊರೆತ, ಎಲ್ಲೋ ರೈಲಿನ ಕೂಗು, ಗುಡಿಯ ಸುಪ್ರಭಾತ, ಮಸೀದಿಯ ಆಜಾನ್. ಒಂದು ಸದ್ದಿನ ಮೇಲೆ ಕೆಲವು ಉಸಿರಿನಷ್ಟು ಹೊತ್ತು ಇದ್ದು ಮುಂದಿನದಕ್ಕೆ ಹೋಗಿ. ಆಮೇಲೆ ಬೀದಿಗೆ ಬನ್ನಿ: ಪೊರಕೆಯ ಸದ್ದು, ಹಾಲಿನವರ ಗಾಡಿ, ಕಸದ ಆಟೋದ ಹಾಡು. ಆಮೇಲೆ ಮನೆಯೊಳಗೆ: ಫ್ಯಾನು, ಫ್ರಿಜ್ಜು, ಅಡುಗೆಮನೆಯ ಕುಕ್ಕರ್. ಕೊನೆಗೆ ನಿಮ್ಮದೇ ಉಸಿರಿನ ಸದ್ದು. ಅಲ್ಲಿ ನಿಲ್ಲಿ.

ಇಲ್ಲೊಂದು ಸೂಕ್ಷ್ಮವಿದೆ, ಇಡೀ ಅಭ್ಯಾಸ ನಿಂತಿರುವುದೇ ಅದರ ಮೇಲೆ. ಒಂದು ಸದ್ದು ಕಿವಿಗೆ ಬಿದ್ದಾಗ ಒಳಗೆ ಮೂರು ಸಂಗತಿ ಬೆನ್ನುಬೆನ್ನಿಗೆ ನಡೆಯುತ್ತವೆ. ಮೊದಲು ಸದ್ದು ತಾಗುತ್ತದೆ. ಆಮೇಲೆ ಅದಕ್ಕೊಂದು ಹೆಸರು ಬರುತ್ತದೆ, "ಬೈಕು" ಎಂದು. ಮೂರನೆಯದಾಗಿ ಕಥೆ ಶುರುವಾಗುತ್ತದೆ: "ಆ ಮೂಲೆ ಮನೆ ಹುಡುಗಂದೇ ಇರಬೇಕು, ಸೈಲೆನ್ಸರ್ ಕಿತ್ತು ಹಾಕಿದಾನೆ, ಅವರಪ್ಪ ಹೇಳೋದೇ ಇಲ್ವೇನೋ." ಮೊದಲನೆಯದು ನಿಮ್ಮ ಕೈಯಲ್ಲಿಲ್ಲ. ಎರಡನೆಯದೂ ಹೆಚ್ಚುಕಮ್ಮಿ ಹಾಗೆಯೇ. ಮೂರನೆಯದನ್ನು ಬಿಡಲು ಸಾಧ್ಯ. ಕಥೆ ಶುರುವಾಗಿದ್ದು ಗೊತ್ತಾದ ಕೂಡಲೇ ಅದನ್ನು ಅರ್ಧಕ್ಕೇ ಬಿಟ್ಟು ಮತ್ತೆ ಸದ್ದಿಗೆ, ಅಲ್ಲಿಂದ ಉಸಿರಿಗೆ ಬನ್ನಿ. ಕಥೆಯ ಮೇಲೆ ಸಿಟ್ಟಾದರೆ ಆ ಸಿಟ್ಟೇ ಇನ್ನೊಂದು ಕಥೆಯಾಗುತ್ತದೆ.

ತಲೆಯ ಮೇಲಿನ ಫ್ಯಾನಿನ ಸದ್ದನ್ನು ನಮ್ಮ ಮೆದುಳು ಕೆಲವೇ ಹೊತ್ತಿನಲ್ಲಿ ಹಿಂದಕ್ಕೆ ತಳ್ಳಿಬಿಡುತ್ತದೆ. ಒಂದೇ ಸಮನೆ ಬರುವ ಸದ್ದಿಗೆ ಅದು ಒಗ್ಗಿಕೊಳ್ಳುತ್ತದೆ. ಹಾರ್ನ್ ಯಾವಾಗ ಬರುತ್ತದೆಂದು ಗೊತ್ತಿರುವುದಿಲ್ಲ, ಅದರಲ್ಲಿ ಅಪಾಯದ ಸೂಚನೆಯೂ ಇರುತ್ತದೆ, ಹಾಗಾಗಿ ಪ್ರತಿ ಸಲವೂ ಮೈ ಬೆಚ್ಚುತ್ತದೆ. ಬೆಚ್ಚುವುದನ್ನು ನಿಲ್ಲಿಸಲು ಹೋಗಬೇಡಿ. ಬೆಚ್ಚಿದ ಭುಜ ಎಷ್ಟು ಬೇಗ ಕೆಳಗಿಳಿಯುತ್ತದೆ ಎಂಬುದರ ಮೇಲೆ ಕಣ್ಣಿಡಿ.

ಮೂರನೆಯ ವಾರ: ದಾರಿಯಲ್ಲಿ

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಮೊದಲು. ಗಾಡಿ ಓಡಿಸುವಾಗ, ರಸ್ತೆ ದಾಟುವಾಗ ಇಂದ್ರಿಯಗಳನ್ನು ಒಳಗೆ ಎಳೆದುಕೊಳ್ಳುವ ಯಾವ ಪ್ರಯತ್ನವೂ ಬೇಡ. ಅಲ್ಲಿ ಕಣ್ಣು, ಕಿವಿ ಪೂರ್ತಿ ಹೊರಗಿರಬೇಕು.

ಮೆಟ್ರೋದಲ್ಲಿ ಹೋಗುವವರಿಗೆ ಒಳ್ಳೆಯ ಅವಕಾಶವಿದೆ. ಎರಡು ನಿಲ್ದಾಣಗಳ ನಡುವೆ ಸಾಮಾನ್ಯವಾಗಿ ಒಂದೆರಡು ನಿಮಿಷ ಸಿಗುತ್ತದೆ. ಬಾಗಿಲು ಮುಚ್ಚಿದಾಗ ನೀವೂ ಒಳಗೆ ಹೋಗಿ, ತೆರೆದಾಗ ಹೊರಗೆ ಬನ್ನಿ. ಹೇಗೆಂದರೆ: ಫೋನು ಬ್ಯಾಗಿನಲ್ಲಿರಲಿ. ಬಾಗಿಲು ಮುಚ್ಚಿಕೊಂಡ ಕೂಡಲೇ ನೋಟವನ್ನು ನೆಲದ ಮೇಲೆ ಎಲ್ಲಾದರೂ ಇಳಿಬಿಡಿ, ದಿಟ್ಟಿಸಬೇಡಿ. ಅಂಗಾಲು ನೆಲಕ್ಕೆ ಒತ್ತಿರುವುದನ್ನು, ಕಂಬ ಹಿಡಿದ ಅಂಗೈಯ ತಣ್ಣಗಿನ ಸ್ಪರ್ಶವನ್ನು ಗಮನಿಸಿ, ಅಲ್ಲಿಂದ ಉಸಿರಿಗೆ ಬನ್ನಿ. ಪಕ್ಕದವರು ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದರೆ ಮಾತು ಕಿವಿಗೆ ಬೀಳಲಿ, ಅವರ ಸಂಸಾರದ ಕಥೆಯ ಹಿಂದೆ ಹೋಗಬೇಡಿ. ನಿಲ್ದಾಣ ಬಂದು ಬಾಗಿಲು ತೆರೆದಾಗ ತಲೆಯೆತ್ತಿ ಸುತ್ತ ಚೆನ್ನಾಗಿ ನೋಡಿ. ಇಳಿಯುವವರು, ಹತ್ತುವವರು, ಸೀಟು ಬೇಕಾದ ಅಜ್ಜಿ ಯಾರಾದರೂ ಇದ್ದಾರೆಯೇ, ನೋಡಿ. ಮತ್ತೆ ಬಾಗಿಲು ಮುಚ್ಚುತ್ತದೆ.

ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗಿನ ನೇರಳೆ ಮಾರ್ಗದಲ್ಲಿ 37 ನಿಲ್ದಾಣಗಳಿವೆ. ಅಷ್ಟೂ ದೂರ ಇದನ್ನೇ ಮಾಡಬೇಕಿಲ್ಲ, ಶುರುವಿಗೆ ನಾಲ್ಕೈದು ನಿಲ್ದಾಣ ಸಾಕು. ಮೆಜೆಸ್ಟಿಕ್‌ನಲ್ಲಿ ಜನ ನುಗ್ಗುವಾಗ ಪ್ರಯತ್ನಿಸದಿದ್ದರೂ ಆದೀತು. ಒಳಗೆ ಹೋಗುವಷ್ಟೇ ಸಲೀಸಾಗಿ ಹೊರಗೆ ಬರುವುದೂ ಇಲ್ಲಿ ಅಭ್ಯಾಸವಾಗುತ್ತದೆ, ಅದಕ್ಕೇ ಈ ಕ್ರಮ ನನಗೆ ಇಷ್ಟ. ಬಾಗಿಲು ಮುಚ್ಚಿಕೊಂಡೇ ಇರುವವರಿಗೂ ತೆರೆದೇ ಇರುವವರಿಗೂ ಇಂದ್ರಿಯಗಳ ಮೇಲೆ ಹಿಡಿತವಿಲ್ಲ.

ಬಿಎಂಟಿಸಿ ಬಸ್ಸಿನಲ್ಲಿ ಸ್ಟಾಪಿನಿಂದ ಸ್ಟಾಪಿಗೆ ಇದನ್ನೇ ಮಾಡಬಹುದು. ಬ್ಯಾಗಿನ ಮೇಲೆ ಕೈ ಇರಲಿ.

ಗಾಡಿ ಓಡಿಸುವವರಿಗೆ ಬೇರೆ ಅಭ್ಯಾಸ. ಯೋಗ, ಸಾಂಖ್ಯ ದರ್ಶನಗಳಲ್ಲಿ ಕಣ್ಣು, ಕಿವಿಯಂಥ ಜ್ಞಾನೇಂದ್ರಿಯಗಳ ಜೊತೆ, ಕೆಲಸ ಮಾಡುವ ಕರ್ಮೇಂದ್ರಿಯಗಳೂ ಐದಿವೆ. ಮಾತು, ಕೈ, ಕಾಲು ಅದರಲ್ಲಿ ಸೇರಿವೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಹಿಂದಿನವರು ಹಾರ್ನ್ ಒತ್ತಿದಾಗ ನಿಮ್ಮ ಕಿವಿಗೆ ಕೇಳಿಸಲೇಬೇಕು. ಆದರೆ ನಿಮ್ಮ ಹೆಬ್ಬೆರಳು ನಿಮ್ಮ ಹಾರ್ನಿಗೆ ಹೋಗಬೇಕಿಲ್ಲ, ಬಾಯಿಂದ ಬೈಗುಳ ಹೊರಡಬೇಕಿಲ್ಲ. ಕೆಂಪು ದೀಪದಲ್ಲಿ ನಿಂತಾಗ ಸ್ಟೀರಿಂಗ್ ಹಿಡಿದ ಬೆರಳುಗಳನ್ನು ಸಡಿಲಿಸಿ, ಕಚ್ಚಿಕೊಂಡ ದವಡೆ ಬಿಡಿ, ಒಂದು ಉಸಿರನ್ನು ನಿಧಾನವಾಗಿ ಉದ್ದಕ್ಕೆ ಹೊರಬಿಡಿ. ಕಣ್ಣು ಸಿಗ್ನಲ್ ಮೇಲೇ ಇರಲಿ. ಚಾಲಕರ ಪ್ರತ್ಯಾಹಾರಕ್ಕೆ ಇಷ್ಟೇ ಸಾಕು, ಇದೇನೂ ಕಮ್ಮಿಯಲ್ಲ.

ನಾಲ್ಕನೆಯ ವಾರ: ಕಣ್ಣು ಮತ್ತು ಫೋನು

ಮನಸ್ಸನ್ನು ಬಲಪಡಿಸುವ ಮೊದಲು ಎಳೆತವನ್ನು ಕಡಿಮೆ ಮಾಡಿ. ಬೆಂಕಿ ಪಕ್ಕದಲ್ಲೇ ಬೆಣ್ಣೆ ಇಟ್ಟು ಕರಗಬೇಡ ಎನ್ನುವುದು ಅನ್ಯಾಯ.

ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಕರೆ ಮತ್ತು ನಿಮಗೆ ನಿಜಕ್ಕೂ ತುರ್ತಾದ ಒಂದೆರಡು ಆ್ಯಪ್ ಬಿಟ್ಟು ಉಳಿದೆಲ್ಲದರ ನೋಟಿಫಿಕೇಶನ್ ಆಫ್ ಮಾಡಿ. ಅಪಾರ್ಟ್‌ಮೆಂಟಿನ, ಹಳೆಯ ಸಹಪಾಠಿಗಳ, ನೆಂಟರ ವಾಟ್ಸಾಪ್ ಗುಂಪುಗಳನ್ನು ಮ್ಯೂಟ್ ಮಾಡಿ. ಬಿಡಬೇಕಿಲ್ಲ, ನಿಮಗೆ ಬೇಕೆನಿಸಿದಾಗ ನೋಡಿ. ವಿಡಿಯೋಗಳ ಆಟೋಪ್ಲೇ ನಿಲ್ಲಿಸಿ. ಪರದೆಯನ್ನು ಕಪ್ಪುಬಿಳುಪು ಮಾಡುವ ಸೌಲಭ್ಯ ಈಗಿನ ಫೋನುಗಳಲ್ಲಿದೆ: ಐಫೋನಿನಲ್ಲಿ ಆ್ಯಕ್ಸೆಸಿಬಿಲಿಟಿಯ ಕಲರ್ ಫಿಲ್ಟರ್ಸ್‌ನಲ್ಲಿ, ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ಡಿಜಿಟಲ್ ವೆಲ್‌ಬೀಯಿಂಗ್‌ನ ಬೆಡ್‌ಟೈಮ್ ಮೋಡ್‌ನಲ್ಲಿ. ಸಂಜೆಯಾದ ಮೇಲೆ ಅದನ್ನು ಹಾಕಿ ನೋಡಿ, ಬಣ್ಣ ಹೋದಮೇಲೆ ಎಷ್ಟು ಆಕರ್ಷಣೆ ಉಳಿಯುತ್ತದೆ ಎಂದು ತಿಳಿಯುತ್ತದೆ. ಚಾರ್ಜರ್ ಮಲಗುವ ಕೋಣೆಯಿಂದ ಹೊರಗಿರಲಿ.

ಆನ್‌ಕಾಲ್ ಕೆಲಸದವರು, ಊರಿನಲ್ಲಿ ವಯಸ್ಸಾದ ಅಪ್ಪ ಅಮ್ಮ ಇರುವವರು ಫೋನ್ ದೂರವಿಡಲು ಆಗದು. ಅಂಥವರು ಆ ಕೆಲವೇ ನಂಬರುಗಳಿಗೆ ಬೇರೆ ರಿಂಗ್‌ಟೋನ್ ಇಟ್ಟುಕೊಳ್ಳಿ. ಆ ಸದ್ದು ಬಂದರೆ ಏಳಿ, ಬೇರೆಯದಕ್ಕೆ ಏಳಬೇಡಿ.

ಇನ್ನು ಅಭ್ಯಾಸ. ಕೈ ಫೋನಿನತ್ತ ಹೋದಾಗ ಹೋದ ಕೈಯನ್ನು ಅಲ್ಲೇ ನಿಲ್ಲಿಸಿ. ಒಂದು ಉಸಿರು ಪೂರ್ತಿ ಒಳಗೆ ಹೋಗಿ ಹೊರಗೆ ಬರಲಿ. "ಯಾಕೆ ತಗೊಳ್ತಿದೀನಿ?" ಎಂದು ಕೇಳಿಕೊಳ್ಳಿ. ಉತ್ತರವಿದ್ದರೆ ತೆಗೆದುಕೊಂಡು ಆ ಕೆಲಸ ಮುಗಿಸಿ ಇಡಿ. ಉತ್ತರವಿಲ್ಲದಿದ್ದರೂ ತೆಗೆದುಕೊಳ್ಳಲೇಬೇಕೆನಿಸಿದರೆ ತೆಗೆದುಕೊಳ್ಳಿ, ಆದರೆ ಆ ಒಂದು ಉಸಿರನ್ನು ಮಾತ್ರ ತಪ್ಪಿಸಬೇಡಿ. ದಿನಕ್ಕೆ ಹತ್ತಾರು ಸಲ ಈ ಉಸಿರು ಸಿಕ್ಕಿದರೆ, ಕೆಲವು ವಾರಗಳಲ್ಲಿ ಕೈ ತಾನಾಗಿ ಅರ್ಧದಲ್ಲಿ ನಿಲ್ಲಲು ಶುರುವಾಗುತ್ತದೆ.

ಭಾನುವಾರ ಬೆಳಿಗ್ಗೆ ಲಾಲ್‌ಬಾಗಿಗೆ ಹೋದರೆ ಕೆಂಪೇಗೌಡರ ಗೋಪುರವಿರುವ ಬಂಡೆಯ ಮೇಲೆ ಕೂತು ಇದರ ಇನ್ನೊಂದು ರೂಪ ಮಾಡಬಹುದು. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ ಅದು. ಕಣ್ಣು ತೆರೆದೇ, ದೂರದ ಮರಗಳ ಮೇಲೆ ನೋಟ ಹರಡಿ, ಯಾವುದನ್ನೂ ಆರಿಸದೆ ಐದು ನಿಮಿಷ ಕೂರಿ. ಫೋಟೋ ತೆಗೆಯುವ ಆಸೆ ಬಂದಾಗ ಅದನ್ನೂ ಕಂಡು ಸುಮ್ಮನಿರಿ.

ನಾಲಿಗೆ

ಇದಕ್ಕೆ ಪ್ರತ್ಯೇಕ ವಾರ ಬೇಡ, ಜೊತೆಜೊತೆಗೇ ಮಾಡಿ. ದರ್ಶಿನಿಯಲ್ಲಿ ನಿಂತು ಫಿಲ್ಟರ್ ಕಾಫಿ ಕುಡಿಯುವಾಗ ಮೊದಲ ಮೂರು ಗುಟುಕಿಗೆ ಮಾತು, ಫೋನು ಎರಡೂ ಬೇಡ. ಲೋಟದ ಬಿಸಿ, ಪರಿಮಳ, ಕಹಿ, ನಾಲಿಗೆಯ ಮೇಲೆ ಉಳಿಯುವ ರುಚಿ. ಪೂರ್ತಿಯಾಗಿ ಸವಿದವರಿಗೆ ಎರಡನೆಯ ಲೋಟದ ಹಂಬಲ ಎಲ್ಲಿಂದ ಏಳುತ್ತದೆ ಎಂಬುದು ಕಾಣುತ್ತದೆ. ರಾತ್ರಿ 11 ಗಂಟೆಗೆ ಆ್ಯಪ್ ತೆರೆದು ಏನಾದರೂ ತರಿಸೋಣ ಎನಿಸಿದರೆ ಹತ್ತು ನಿಮಿಷ ತಡೆದು, ಹಸಿವು ಹೊಟ್ಟೆಯಲ್ಲಿದೆಯೋ ಬಾಯಲ್ಲಿದೆಯೋ ನೋಡಿ.

ಉಪವಾಸವೇ ಪ್ರತ್ಯಾಹಾರ ಎಂದುಕೊಳ್ಳಬೇಡಿ. ಆಹಾರ ಬಿಟ್ಟವನಿಂದ ವಿಷಯಗಳು ದೂರವಾಗುತ್ತವೆ, ಅವುಗಳ ರುಚಿ ಮಾತ್ರ ಉಳಿದುಬಿಡುತ್ತದೆ ಎಂದು ಗೀತೆಯ ಎರಡನೆಯ ಅಧ್ಯಾಯ ಸ್ಪಷ್ಟವಾಗಿ ಹೇಳಿದೆ. ಏಕಾದಶಿಯಂದು ಇಡೀ ದಿನ ಮರುದಿನದ ತಿಂಡಿಯನ್ನೇ ನೆನೆಯುತ್ತಿದ್ದರೆ ಹೊಟ್ಟೆಗೆ ಬಿಡುವು ಸಿಕ್ಕಿತು, ಮನಸ್ಸಿಗೆ ಸಿಗಲಿಲ್ಲ.

ಸಂಜೆಯ ಅಭ್ಯಾಸ: ಷಣ್ಮುಖಿ ಮುದ್ರೆ, ಭ್ರಾಮರಿ

ಹಗಲಿನ ಚಿಕ್ಕಪುಟ್ಟ ಅಭ್ಯಾಸಗಳಿಗೆ ಬೇರು ಸಿಗುವುದು ದಿನಕ್ಕೊಮ್ಮೆ ಕೂತು ಮಾಡುವ ಅಭ್ಯಾಸದಿಂದ. ಕೆಲಸದಿಂದ ಬಂದು ಕೈಕಾಲು ತೊಳೆದು, ಊಟಕ್ಕೆ ಮೊದಲು ಮಾಡಿದರೆ ಒಳ್ಳೆಯದು. ಪಾಳಿಯಲ್ಲಿ ದುಡಿಯುವವರು ಮಲಗುವ ಮೊದಲು ಮಾಡಲಿ.

ಆರಾಮಾಗಿ ಕೂತು ಮೊಣಕೈಗಳನ್ನು ಭುಜದ ಮಟ್ಟಕ್ಕೆ ಎತ್ತಿ. ಹೆಬ್ಬೆರಳಿನಿಂದ ಕಿವಿಯ ಬಾಯಿಯಲ್ಲಿರುವ ಮೃದುವಾದ ಚಿಕ್ಕ ಮಡಿಕೆಯನ್ನು ಒಳಕ್ಕೆ ಒತ್ತಿ ಕಿವಿ ಮುಚ್ಚಿ. ಬೆರಳನ್ನು ಕಿವಿಯೊಳಗೆ ತೂರಿಸಬೇಡಿ. ತೋರುಬೆರಳು ಮುಚ್ಚಿದ ರೆಪ್ಪೆಯ ಮೇಲೆ, ಗರಿ ಇಟ್ಟಷ್ಟು ಹಗುರ; ಕಣ್ಣುಗುಡ್ಡೆಯ ಮೇಲೆ ಒತ್ತಡ ಬೀಳಲೇಕೂಡದು. ನಡುಬೆರಳು ಮೂಗಿನ ಪಕ್ಕಕ್ಕೆ, ಉಸಿರಾಟಕ್ಕೆ ಅಡ್ಡಿಯಾಗದಂತೆ. ಉಂಗುರಬೆರಳು ಮೇಲ್ದುಟಿಯ ಮೇಲೆ, ಕಿರುಬೆರಳು ಕೆಳದುಟಿಯ ಕೆಳಗೆ. ತೋಳು ನೋಯುವುದಾದರೆ ಮೇಜಿನ ಮೇಲೋ ದಿಂಬಿನ ಮೇಲೋ ಮೊಣಕೈ ಊರಿಕೊಳ್ಳಿ.

ಈಗ ಮೂಗಿನಿಂದ ಉಸಿರು ಎಳೆದುಕೊಂಡು, ತುಟಿ ಮುಚ್ಚಿ, ಹಲ್ಲುಗಳನ್ನು ತುಸು ಬಿಡಿಸಿಟ್ಟು, ದುಂಬಿಯಂತೆ ಗುಂಯ್‌ಗುಡುತ್ತಾ ಉಸಿರು ಬಿಡಿ. ಇದು ಭ್ರಾಮರಿ. ಜೋರು ಬೇಡ, ನಾದ ಒಂದೇ ಮಟ್ಟದಲ್ಲಿರಲಿ. ಐದರಿಂದ ಏಳು ಸಲ ಸಾಕು. ಗುಂಯ್‌ಗುಟ್ಟುವಾಗ ಹೊರ ಉಸಿರು ತಾನಾಗಿ ಉದ್ದವಾಗುತ್ತದೆ. ಹೊರ ಉಸಿರಿನಲ್ಲಿ ಹೃದಯದ ಬಡಿತ ನಿಧಾನವಾಗುವುದು ಶರೀರದ ಸಹಜ ಗುಣ. ಕಿವಿ ಮುಚ್ಚಿರುವುದರಿಂದ ನಿಮ್ಮದೇ ನಾದ ತಲೆತುಂಬ ಕೇಳಿಸಿ, ಓಡಾಡುವ ಮನಸ್ಸಿಗೆ ಒಳಗೇ ಒಂದು ನೆಲೆ ಸಿಗುತ್ತದೆ.

ಬಹಳ ಮಂದಿ ಇಲ್ಲಿಗೇ ಮುಗಿಯಿತೆಂದು ಎದ್ದುಬಿಡುತ್ತಾರೆ. ನಿಜವಾದ ಅಭ್ಯಾಸ ಇರುವುದು ಇದರ ನಂತರ. ಕೈಗಳನ್ನು ಮೆಲ್ಲಗೆ ಇಳಿಸಿ, ಕಣ್ಣು ಮುಚ್ಚಿಯೇ ಕೂತಿರಿ. ಹೊರಗಿನ ಸದ್ದುಗಳು ಒಂದೊಂದಾಗಿ ವಾಪಸ್ಸು ಬರುತ್ತವೆ. ಬರಲಿ. ಈಗ ಮುಚ್ಚಲು ಬೆರಳಿಲ್ಲ, ಆದರೂ ಸ್ವಲ್ಪ ಹೊತ್ತು ಮನಸ್ಸು ಎದ್ದು ಹೋಗುವುದಿಲ್ಲ. ಆ ಸ್ವಲ್ಪ ಹೊತ್ತನ್ನು ಚೆನ್ನಾಗಿ ಗುರುತಿಸಿಕೊಳ್ಳಿ. ಬೆಳಿಗ್ಗೆ, ಮೆಟ್ರೋದಲ್ಲಿ, ಸಿಗ್ನಲ್ಲಿನಲ್ಲಿ ನೀವು ಹುಡುಕುತ್ತಿರುವುದು ಅದನ್ನೇ.

ಗ್ಲಾಕೋಮಾ ಇದ್ದವರು, ಇತ್ತೀಚೆಗೆ ಕಣ್ಣಿನ ಆಪರೇಷನ್ ಆದವರು, ಕಿವಿಯಲ್ಲಿ ಸೋಂಕಿರುವವರು ಮುದ್ರೆ ಬಿಟ್ಟು ಬರೀ ಭ್ರಾಮರಿ ಮಾಡುವುದಿದ್ದರೂ ವೈದ್ಯರನ್ನು ಕೇಳಿ ಮಾಡಲಿ. ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಡಿ.

ಕೂತು ಮಾಡಲು ಆಗದಷ್ಟು ದಣಿದ ದಿನ ಯೋಗನಿದ್ರೆ ಮಾಡಬಹುದು. ಬಿಹಾರದ ಮುಂಗೇರಿನಲ್ಲಿ ಯೋಗ ವಿದ್ಯಾಲಯ ಕಟ್ಟಿದ ಸ್ವಾಮಿ ಸತ್ಯಾನಂದ ಸರಸ್ವತಿಯವರು ಈಗ ಎಲ್ಲೆಡೆ ಬಳಕೆಯಲ್ಲಿರುವ ಅದರ ಕ್ರಮವನ್ನು ರೂಪಿಸಿದ್ದು ಪ್ರತ್ಯಾಹಾರದ ವಿಧಾನವೆಂದೇ. ಶವಾಸನದಲ್ಲಿ ಮಲಗಿ ಬಲಗೈ ಹೆಬ್ಬೆರಳಿನಿಂದ ಆರಂಭಿಸಿ ಮೈಯ ಒಂದೊಂದು ಭಾಗಕ್ಕೂ ಗಮನ ಹರಿಸುತ್ತಾ ಹೋಗುವುದು. ನಡುವೆ ನಿದ್ದೆ ಬಂದರೆ ನಿದ್ದೆ ಮಾಡಿ, ಅಭ್ಯಾಸದ ಲೆಕ್ಕಕ್ಕೆ ಹಿಡಿಯಬೇಡಿ, ಅಷ್ಟೆ.

ಏನು ಮಾಡಬಾರದು

ಪ್ರತ್ಯಾಹಾರವೆಂದರೆ ಎಲ್ಲವನ್ನೂ ಸಹಿಸಿಕೊಂಡು ಕೂರುವುದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ಸರ್ಕಾರ ಕೊಡುವ ವಿನಾಯಿತಿ ಬೇರೆ. ನಡುರಾತ್ರಿ ಸ್ಪೀಕರ್ ಅಬ್ಬರಿಸುತ್ತಿದ್ದರೆ 112ಕ್ಕೆ ಕರೆ ಮಾಡಿ. ದೂರು ಕೊಟ್ಟು ಬಂದು ಮತ್ತೆ ಅಭ್ಯಾಸಕ್ಕೆ ಕೂರಬಹುದು, ಎರಡಕ್ಕೂ ವಿರೋಧವಿಲ್ಲ.

ಮನೆಯವರಿಂದ ತಪ್ಪಿಸಿಕೊಳ್ಳಲು ಇದನ್ನು ಬಳಸಬೇಡಿ. ಅಡುಗೆಮನೆಯಿಂದ "ರೀ, ಸ್ವಲ್ಪ ಬನ್ನಿ ಇಲ್ಲಿ" ಎಂದಾಗ ಕೇಳಿಸದವರಂತೆ ಕೂರುವುದು ಸಾಧನೆಯಾಗದು. ಯಾವ ಹೊತ್ತು ಕೂರುತ್ತೀರಿ ಎಂದು ಮೊದಲೇ ಹೇಳಿಡಿ, ಉಳಿದ ಹೊತ್ತು ಕರೆದಾಗ ಎದ್ದು ಹೋಗಿ.

ಕಣ್ಣು ಮುಚ್ಚಿ ಒಳಗೆ ತಿರುಗಿದಾಗ ಕೆಲವರಿಗೆ ಹೆದರಿಕೆ, ಎದೆ ಬಿಗಿತ, ಹಳೆಯ ನೋವಿನ ನೆನಪು ನುಗ್ಗಿಬರುವುದುಂಟು. ಆಗ ಹಟ ಮಾಡಬೇಡಿ. ಕಣ್ಣು ತೆರೆದು, ಪಾದವನ್ನು ನೆಲಕ್ಕೊತ್ತಿ, ಕೋಣೆಯಲ್ಲಿರುವ ಐದು ವಸ್ತುಗಳ ಹೆಸರು ಹೇಳಿಕೊಳ್ಳಿ. ಮತ್ತೆ ಮತ್ತೆ ಹೀಗಾದರೆ ಒಬ್ಬರೇ ಮುಂದುವರಿಯುವುದು ಬೇಡ. ಹೊಸೂರು ರಸ್ತೆಯ ನಿಮ್ಹಾನ್ಸ್ ಇದೇ ಊರಿನಲ್ಲಿದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮುಂದಕ್ಕೆ

ಬೆಳಿಗ್ಗೆ ಹತ್ತು, ಸಂಜೆ ಹದಿನೈದು ನಿಮಿಷ, ನಡುವೆ ಸಿಕ್ಕಷ್ಟು. ಒಂದೆರಡು ತಿಂಗಳಲ್ಲಿ ಕೆಲವು ಬದಲಾವಣೆ ಕಾಣಬೇಕು: ಹಾರ್ನಿಗೆ ಏರಿದ ಭುಜ ಬೇಗ ಇಳಿಯುತ್ತದೆ, ಫೋನ್ ಮಿಣುಕಿದಾಗ ನೋಡಲೇ ಬೇಡವೇ ಎಂದು ಆರಿಸಿಕೊಳ್ಳುವಷ್ಟು ಪುರುಸೊತ್ತು ಸಿಗುತ್ತದೆ, ಸಂಜೆ ಮನೆಗೆ ಬಂದಾಗ ಸುಸ್ತು ಸ್ವಲ್ಪ ಕಡಿಮೆ. ಏನೂ ಕಾಣದಿದ್ದರೆ ಸಮಯ ಹೆಚ್ಚಿಸಬೇಡಿ, ಕಿವಿಯ ಅಭ್ಯಾಸಕ್ಕೇ ವಾಪಸ್ಸು ಹೋಗಿ. ಸದ್ದು, ಹೆಸರು, ಕಥೆ ಈ ಮೂರನ್ನೂ ಬಿಡಿಸಿ ನೋಡಲು ಬರುತ್ತಿದೆಯೇ ಎಂದು ಪರೀಕ್ಷಿಸಿ. ತೊಡಕು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಬದಲಾವಣೆ ಕಾಣತೊಡಗಿದ ಮೇಲೆ, ಭ್ರಾಮರಿಯ ನಂತರದ ಆ ಶಾಂತ ಹೊತ್ತಿನಲ್ಲಿ ಒಂದೇ ಒಂದು ಆಸರೆ ಆರಿಸಿಕೊಳ್ಳಿ. ಮೂಗಿನ ತುದಿಯಲ್ಲಿ ಉಸಿರು ತಾಗುವ ಜಾಗ ಆಗಬಹುದು, ಇಷ್ಟದೇವತೆಯ ಹೆಸರೂ ಆಗಬಹುದು. ಮನಸ್ಸನ್ನು ಅಲ್ಲೇ ಇರಿಸಿ. ಯೋಗಸೂತ್ರದ ಮೂರನೆಯ ಪಾದ ಶುರುವಾಗುವ ಧಾರಣೆ ಇದೇ, ಅದಕ್ಕಾಗಿ ಹೊಸ ತರಗತಿಗೆ ಸೇರಬೇಕಿಲ್ಲ.